100 ವ್ಯಾಟ್ ಅಂದ್ರೆ 100 ವ್ಯಾಟೇ

ಅಕ್ಟೋಬರ್ ಕೊನೆಯ ಪೂರ್ತಿ ವಾರಾಂತ್ಯದಲ್ಲಿ ನಡೆಯುವ ಸಿಕ್ಯೂ ವರ್ಲ್ಡ್ ವೈಡ್ ಸ್ಪರ್ಧೆಗೆ ನಾನು ವರ್ಷವಿಡೀ ಕಾಯುತ್ತೇನೆ. ಇದು ಹ್ಯಾಮ್ ರೇಡಿಯೋ ಹವ್ಯಾಸಿಗಳು ಪ್ರಪಂಚದಾದ್ಯಂತ ಒಬ್ಬರನ್ನೊಬ್ಬರು ಸಂಪರ್ಕಿಸಿ ಅಂಕ ಗಳಿಸುವ ಸ್ಪರ್ಧೆ. ನಮ್ಮಲ್ಲಿ ಶನಿವಾರ ಬೆಳಿಗ್ಗೆ 5:30ಕ್ಕೆ ಶುರು, ಪೂರ್ತಿ 48 ಗಂಟೆ. ತಾರಸಿ ಮೇಲೆ ತಂತಿ ಆಂಟೆನಾ, ಮೇಜಿನ ಮೇಲೆ 100 ವ್ಯಾಟ್ ರೇಡಿಯೋ. ಲೋ ಪವರ್ ವಿಭಾಗದ ಮಿತಿ ಅಷ್ಟೇ. ಗಂಟಲು ಕಟ್ಟುವವರೆಗೂ ಕೂಗಿ ಒಂದೊಂದೇ ಸಂಪರ್ಕ ಕೂಡಿಸುತ್ತೇನೆ.

ಅದೇ ವಿಭಾಗಕ್ಕೆ ಲಾಗ್ (ಮಾಡಿದ ಸಂಪರ್ಕಗಳ ಪಟ್ಟಿ) ಕಳಿಸಿದ ಹಿರಿಯರೊಬ್ಬರು ಪವರ್ ಹೆಚ್ಚಿಸುವ ಆಂಪ್ಲಿಫೈಯರ್ ಹಾಕಿಕೊಂಡೇ ಕೂತಿದ್ದರಂತೆ. ಆಮೇಲೆ ಅವರೇ ಹೇಳಿದರು, "ಎಲ್ರೂ ಮಾಡ್ತಾರೆ ಬಿಡಪ್ಪಾ, ಯಾರು ಅಳೆಯೋಕೆ ಬರ್ತಾರೆ?" ಹೊಟ್ಟೆ ಉರಿಯಿತು. ಹೈ ಪವರ್ ವಿಭಾಗ ಇದೆಯಲ್ಲ, ಅಲ್ಲೇ ಆಡಬಹುದಿತ್ತು ಅಲ್ವಾ?

ಇನ್ನು ಕೆಲವರು ಯಾವ ನೆರವೂ ಇಲ್ಲ ಅಂತ ಬರೆದುಕೊಟ್ಟು ಇಂಟರ್ನೆಟ್‌ನಲ್ಲಿ ಕ್ಲಸ್ಟರ್ ಅನ್ನೋ ಪಟ್ಟಿ ನೋಡುತ್ತಾರೆ. ಯಾರು ಯಾವ ಫ್ರೀಕ್ವೆನ್ಸಿಯಲ್ಲಿದ್ದಾರೆ ಅಂತ ಅದೇ ತೋರಿಸುತ್ತದೆ. ನಾನು ಬರೀ ಕಿವಿ ನಂಬಿ ಡಯಲ್ ತಿರುಗಿಸುತ್ತಿರುತ್ತೇನೆ. ಕ್ಲಸ್ಟರ್ ಕಳ್ಳತನವಾದರೂ ಸಿಕ್ಕಿಬೀಳುತ್ತದೆ. ಪರಿಶೀಲಿಸುವವರು ಲಾಗ್‌ನ ಹೊತ್ತನ್ನು ಕ್ಲಸ್ಟರ್ ಹೊತ್ತಿನ ಜೊತೆ ಹೋಲಿಸುತ್ತಾರೆ, ರೆಕಾರ್ಡಿಂಗ್ ಕೇಳುತ್ತಾರೆ, ಅನರ್ಹ ಮಾಡುತ್ತಾರೆ. ಪವರ್ ಕಳ್ಳತನ ಹಿಡಿಯುವುದೇ ಕಷ್ಟ.

ಅನರ್ಹರಾದ ಮೇಲೆ "ಸುಮ್ನೆ ಹವ್ಯಾಸಕ್ಕೆ ಇಷ್ಟೊಂದು ಕಟ್ಟುನಿಟ್ಟಾ" ಅಂತ ಗೊಣಗುತ್ತಾರೆ. ಈ ಮಾತು ನನಗೆ ತುಂಬಾ ನೋವು ಕೊಡುತ್ತದೆ. ಎದುರಿನವರ ಕಾಲ್‌ಸೈನ್‌ನಲ್ಲಿ, ಅಂದ್ರೆ ಅವರ ಗುರುತಿನ ಸಂಕೇತದಲ್ಲಿ, ಒಂದು ಅಕ್ಷರ ತಪ್ಪು ಬರೆದುಕೊಂಡರೆ ನನ್ನ ಆ ಸಂಪರ್ಕವೂ ಹೋಗುತ್ತದೆ, ಮೇಲೆ ದಂಡದ ಅಂಕವೂ ಬೀಳುತ್ತದೆ. ಎರಡು ರಾತ್ರಿ ನಿದ್ದೆಗೆಟ್ಟವನು ನಾನು. ಆದರೂ ಒಪ್ಪಿಕೊಳ್ಳುತ್ತೇನೆ.