ಮೂರು ಮೆಟ್ಟಿಲು

ಕಾರಿನ ಹಿಂಬಾಗಿಲು ತೆರೆದು ನಿಂತಿದ್ದೆ. ಬಾಗಿಲು ಅರ್ಧ ತೆರೆಯುವಷ್ಟರಲ್ಲೇ ಒಳಗೆ ಹಾರಿ ಕಿಟಕಿಯ ಪಕ್ಕದ ಜಾಗ ಹಿಡಿಯುತ್ತಿದ್ದ ನಮ್ಮ ನಾಯಿ ಅಂದು ಹಾರಲಿಲ್ಲ. ಮುಂಗಾಲೆರಡನ್ನು ಮೇಲಿಟ್ಟ, ಇಳಿಸಿದ, ಆಮೇಲೆ ಏನೋ ತುರ್ತು ಕೆಲಸ ನೆನಪಾದವನಂತೆ ಚಕ್ರವನ್ನು ಮೂಸಲು ಹೋದ. (ಮನೆಯಲ್ಲಿ ಯಾರೂ ಅವನನ್ನು ‘ಅದು’ ಎನ್ನುವುದಿಲ್ಲ.) ವರ್ಷಗಟ್ಟಲೆ ಮೂಸಿದ ಚಕ್ರ, ಅದರಲ್ಲಿ ಹೊಸ ಸುದ್ದಿಯೇನೂ ಇರಲಿಲ್ಲ. ಮಹಡಿ ಹತ್ತುವಾಗ ಮಧ್ಯದಲ್ಲಿ ನಿಂತು ಗೋಡೆಯ ಕ್ಯಾಲೆಂಡರನ್ನು ಪರಿಶೀಲಿಸುವ ಅಭ್ಯಾಸ ನನಗೂ ಇರುವುದರಿಂದ ವಿಷಯ ತಕ್ಷಣ ಅರ್ಥವಾಯಿತು.

“ಎತ್ತಿ ಕೂರಿಸಿದರಾಯಿತಪ್ಪ” ಎಂದವರು ಹಲವರು. ತನ್ನನ್ನು ಎತ್ತಕೂಡದೆಂದು ತೀರ್ಮಾನಿಸಿರುವ 32 ಕಿಲೋ ತೂಕದ ಪ್ರಾಣಿಯನ್ನು ಇವರಲ್ಲಿ ಒಬ್ಬರೂ ಎತ್ತಿದವರಲ್ಲ. ಮೂಟೆಯಾದರೆ ಒದೆಯುವುದಿಲ್ಲ, ನೊಂದುಕೊಂಡು ಮುಖ ತಿರುಗಿಸುವುದೂ ಇಲ್ಲ. ಹತ್ತುವುದು ಹಾಗಿರಲಿ, ಇಳಿಯುವುದೇ ಹೆಚ್ಚು ಕಷ್ಟ. ನಿಂತ ನಾಯಿಯ ಮೈಭಾರದಲ್ಲಿ ಸುಮಾರು ಶೇಕಡಾ 60 ಮುಂಗಾಲುಗಳ ಮೇಲಿರುತ್ತದೆ. ಆ ಕಾಲುಗಳನ್ನು ಎದೆಗೂಡಿಗೆ ಹಿಡಿದಿಟ್ಟಿರುವುದು ನಮಗಿರುವಂಥ ಕೊರಳೆಲುಬಲ್ಲ, ಬರೀ ಸ್ನಾಯುಗಳು. ಮುದಿ ನಾಯಿ ಧೊಪ್ಪನೆ ಹಾರಿದರೆ ಪೆಟ್ಟು ಅಲ್ಲಿಗೇ. ಇಷ್ಟೆಲ್ಲ ಇದ್ದರೂ ಕಾರುಗಳು ಮಾತ್ರ ಎತ್ತರವಾಗುತ್ತಲೇ ಇವೆ. ಯಾವ ಪರ್ವತ ದಾಟಬೇಕಾಗಿದೆಯೋ, ಕಾಣೆ.

ಮೆಟ್ಟಿಲು ನಾನೇ ಮಾಡುತ್ತೇನೆಂದೆ. ಹೆಂಡತಿ ಔಷಧದ ಡಬ್ಬಿಯನ್ನು ಕೈಗೆಟಕುವಂತೆ ತಂದಿಟ್ಟಳು.

ಗರಗಸ ಹಿಡಿಯುವ ಮೊದಲು ಲೆಕ್ಕ ಸರಿಯಿರಬೇಕಲ್ಲ? 17ನೆಯ ಶತಮಾನದಲ್ಲಿ ಫ್ರಾನ್ಸಿನ ವಾಸ್ತುಶಿಲ್ಪಿ ಬ್ಲಾಂಡೆಲ್ ಮೆಟ್ಟಿಲಿಗೊಂದು ಸೂತ್ರ ಕೊಟ್ಟ: ಎತ್ತರದ ಎರಡರಷ್ಟಕ್ಕೆ ಅಗಲವನ್ನು ಕೂಡಿಸಿದರೆ ಮನುಷ್ಯನ ಒಂದು ಹೆಜ್ಜೆಯಷ್ಟಾಗಬೇಕು. ಈಗಿನ ಅಳತೆಯಲ್ಲಿ ಸುಮಾರು 63 ಸೆಂಟಿಮೀಟರ್. ಮನುಷ್ಯನಿಗಾಯಿತು, ನಾಯಿಗೆ? ನಾಯಿಯ ಹೆಜ್ಜೆ ಅಳೆಯಲು ಹೊರಟೆ. ಪಾದಗಳನ್ನು ಒದ್ದೆ ಮಾಡಿ ನಡುಮನೆಯಲ್ಲಿ ನಡೆಸಿದೆ. ನಾಲ್ಕು ಕಾಲಿನವನು ಎರಡು ಕಾಲಿನವನ ಗುರುತು ಬಿಟ್ಟ. ನಡೆಯುವಾಗ ಹಿಂಗಾಲು ಹೆಚ್ಚುಕಡಿಮೆ ಮುಂಗಾಲಿನ ಹೆಜ್ಜೆಯ ಮೇಲೇ ಬೀಳುತ್ತದೆಂಬುದು ನನಗೆ ಆಗ ತಿಳಿಯಿತು. ಯಾವುದು ಯಾವುದರ ಗುರುತೆಂದು ನೆಲಕ್ಕೆ ಬಗ್ಗಿ ನೋಡುವಷ್ಟರಲ್ಲಿ ಒಂದು ಕೊನೆ ಒಣಗಿತು. ಎರಡನೆಯ ಸಲ ಬಕೆಟ್ ಕಂಡವನು ಸ್ನಾನವೆಂದು ಭಾವಿಸಿ ಮಂಚದ ಕೆಳಗೆ ಸೇರಿದ. ಮೂರನೆಯ ಸಲ ತಿಂಡಿಯ ಆಸೆ ತೋರಿಸಿ ಕರೆದೆ, ಹೆಜ್ಜೆ ಒಂದೂವರೆ ಪಟ್ಟು ಉದ್ದವಾಯಿತು. ಟೇಪು ಬಿಚ್ಚಿದರೆ ಅದರ ತುದಿ ಅವನ ಬಾಯಲ್ಲಿ. ಸಂಜೆಯ ಹೊತ್ತಿಗೆ ನನ್ನ ಬಳಿ ಹದಿನಾಲ್ಕು ಅಳತೆಗಳಿದ್ದವು. ಯಾವೆರಡೂ ತಾಳೆಯಾಗಲಿಲ್ಲ. ಜಾರುವ ನಡುಮನೆಯಲ್ಲಿ ಮನೆಮಂದಿಯೆಲ್ಲ ಗೋಡೆ ಹಿಡಿದು ಓಡಾಡುತ್ತಿದ್ದರು. “ಫ್ರಾನ್ಸಿನವನು ನಾಯಿ ಸಾಕಿರಲಿಲ್ಲ ಅಂತ ಕಾಣುತ್ತದೆ” ಎಂದಳು ಹೆಂಡತಿ, ನೆಲ ಒರೆಸುತ್ತ.

ಕೊನೆಗೆ ಕಣ್ಣಂದಾಜೇ ಗತಿಯಾಯಿತು. ಕಾರಿನ ಅಂಚು 60 ಸೆಂಟಿಮೀಟರ್, 15ರಂತೆ ಮೂರು ಮೆಟ್ಟಿಲು, ನಾಲ್ಕನೆಯದು ಕಾರೇ. ಮೊಳೆಯ ಬದಲು ಸ್ಕ್ರೂ, ಮೇಲೆ ರಬ್ಬರಿನ ಹಾಸು. ನುಣುಪಾದ ಪ್ಲೈವುಡ್ ಮೇಲೆ ಉಗುರು ಜಾರುತ್ತದೆ, ಒಮ್ಮೆ ಜಾರಿದ ಜಾಗಕ್ಕೆ ನಾಯಿ ಮತ್ತೆ ಸುಲಭವಾಗಿ ಕಾಲಿಡುವುದಿಲ್ಲ. ಮೆಟ್ಟಿಲ ಸಂದುಗಳನ್ನು ಹಲಗೆಯಿಂದ ಮುಚ್ಚಿದೆ. ಅಂಚಿಗೆ ಹಳದಿ ಬಳಿದೆ. ನಾಯಿಯ ಕಣ್ಣಿಗೆ ನೀಲಿ, ಹಳದಿ ಚೆನ್ನಾಗಿ ಕಾಣುತ್ತವೆ, ಕೆಂಪು ಮಂಕು. ಮನೆಯಲ್ಲಿ ಉಳಿದಿದ್ದದ್ದು ಕೆಂಪು ಬಣ್ಣವೇ ಆಗಿತ್ತೆನ್ನುವುದು ಬೇರೆ ಮಾತು.

ಮೂರು ದಿನ ಅವನು ಅದರತ್ತ ತಿರುಗಿಯೂ ನೋಡಲಿಲ್ಲ. ಹುರಿದುಂಬಿಸಿದೆ, ಗದರಿಸಿದೆ, ನಾಚಿಕೆಯಿಲ್ಲದೆ ಅಂಗಲಾಚಿದೆ. ನಾಲ್ಕನೆಯ ದಿನ ಬೇಸತ್ತು ಆಕಾಶ ನೋಡುತ್ತ ನಿಂತಾಗ ಬೆನ್ನ ಹಿಂದೆ ರಬ್ಬರಿನ ಮೇಲೆ ಉಗುರಿನ ಸದ್ದು. ತಿರುಗಿದರೆ ಸೀಟಿನ ಮೇಲೆ ಕುಳಿತು ಕಿಟಕಿಯಾಚೆ ನೋಡುತ್ತಿದ್ದ, ಹುಟ್ಟಿದಾಗಿನಿಂದ ಅಲ್ಲೇ ಇದ್ದವನಂತೆ. ಇಂದಿಗೂ ಯಾರಾದರೂ ನೋಡುತ್ತಿದ್ದರೆ ಹತ್ತುವುದಿಲ್ಲ.

ಮೊನ್ನೆ ಹಿಂದಿನ ಸೀಟಿನಿಂದ ಚೀಲ ತೆಗೆಯಬೇಕಿತ್ತು. ಮೊದಲನೆಯ ಮೆಟ್ಟಿಲ ಮೇಲೆ ಕಾಲಿಟ್ಟೆ, ಎರಡನೆಯದರ ಮೇಲೂ. ಸ್ಕ್ರೂ ಸಡಿಲವಾಗಿದೆಯೇ ಎಂದು ನೋಡಲು, ಅಷ್ಟೇ. ಅವನು ಪಕ್ಕದಲ್ಲೇ ಇದ್ದ. ಒಂದು ಕ್ಷಣ ನನ್ನ ಮಂಡಿಯನ್ನು ನೋಡಿದ, ಆಮೇಲೆ ಚಕ್ರವನ್ನು ಮೂಸಲು ಹೋದ.