ಸೈಟು ಕೊಟ್ಟರೆ ಸೂರು ಆದೀತೇ?

ಪ್ರಶ್ನೆ: ನಗರದ ಬಡವರಿಗೆ ಕಟ್ಟಿದ ಮನೆಯ ಬದಲು ರಸ್ತೆ, ನೀರು, ಒಳಚರಂಡಿ ಇರುವ ನಿವೇಶನವನ್ನೇ ಸರ್ಕಾರ ಹಂಚಬೇಕೇ?

ಪರ: ಗೋಡೆ ಅವರಿಗೆ ಬಿಡಿ, ಚರಂಡಿ ನೀವು ಹಾಕಿ

ಊರಿನ ಮನೆಗಳನ್ನೆಲ್ಲ ಕಟ್ಟುವ ಗಾರೆಯವರಿಗೆ, ಕಂಬಿ ಕಟ್ಟುವವರಿಗೆ ತಮ್ಮ ಮನೆ ಕಟ್ಟಿಕೊಳ್ಳಲು ಬರುವುದಿಲ್ಲವೆಂದು ಸರ್ಕಾರ ನಂಬಿಕೊಂಡಂತಿದೆ. ಅವರ ಕೈಲಾಗದ್ದು ಗೋಡೆಯಲ್ಲ. ಎಷ್ಟೇ ದುಡಿದರೂ ಒಂದು ಕುಟುಂಬ ತಾನೇ ಒಳಚರಂಡಿ ಎಳೆಯಲಾರದು, ರಸ್ತೆ ಬಿಡಿಸಲಾರದು, ಹಕ್ಕುಪತ್ರ ಬರೆದುಕೊಳ್ಳಲಾರದು. ಸರ್ಕಾರದ ಕೆಲಸ ಇರುವುದು ಅಲ್ಲಿ.

ಇಂದೋರಿನ ‘ಅರಣ್ಯ’ ಎಂಬ ಬಡಾವಣೆ ನೋಡಿ. 1980ರ ದಶಕದಲ್ಲಿ ವಾಸ್ತುಶಿಲ್ಪಿ ಬಾಲಕೃಷ್ಣ ದೋಶಿ ಅವರ ತಂಡ ಸುಮಾರು 85 ಹೆಕ್ಟೇರಿನಲ್ಲಿ 6,500ರಷ್ಟು ನಿವೇಶನಗಳನ್ನು ಯೋಜಿಸಿತು. ಕಡುಬಡವರದು 35 ಚದರ ಮೀಟರು, ಅಂದರೆ 380 ಚದರಡಿಗೆ ಸ್ವಲ್ಪ ಕಡಿಮೆ. ಅದರ ಮೇಲೆ ಕೊಟ್ಟದ್ದು ಪಾಯದ ಕಟ್ಟೆ, ಶೌಚ-ಸ್ನಾನದ ಮೂಲೆ, ನೀರು, ವಿದ್ಯುತ್. ಕೆಲವಕ್ಕೆ ಒಂದು ಕೋಣೆ. ಮಿಕ್ಕಿದ್ದನ್ನು ಜನ ದುಡ್ಡು ಕೂಡಿದಂತೆ ಕಟ್ಟಿಕೊಂಡರು. 1995ರಲ್ಲಿ ಅದಕ್ಕೆ ಆಗಾ ಖಾನ್ ವಾಸ್ತುಶಿಲ್ಪ ಪ್ರಶಸ್ತಿಯೂ ಬಂತು.

ಕೆಟ್ಟ ಬಡಾವಣೆಗಳು ಕೆಡುವುದು ಕೆಲಸದ ಸರದಿಯಲ್ಲಿ. ಮೊದಲು ಸರ್ವೆ ಮತ್ತು ಲೆವೆಲ್, ಆಮೇಲೆ ಒಳಚರಂಡಿ, ನಂತರ ಮಳೆನೀರ ಚರಂಡಿ, ನೀರಿನ ಪೈಪು, ಕಡೆಗೆ ರಸ್ತೆ. ಎಷ್ಟೋ ಕಡೆ ರಸ್ತೆಯೇ ಮೊದಲು (ಉದ್ಘಾಟನೆಗೆ ರಿಬ್ಬನ್ ಕಟ್ಟಲು ಮ್ಯಾನ್‌ಹೋಲ್ ಸಾಲದಲ್ಲ!), ಆರು ತಿಂಗಳಿಗೆ ಅದನ್ನೇ ಅಗೆಯುವುದು. 6 ಅಂಗುಲದ ಒಳಚರಂಡಿ ಪೈಪಿಗೆ ನೂರಡಿಗೆ ಕಡೇಪಕ್ಷ 7 ಅಂಗುಲ ಇಳಿಜಾರು, ನೂರಡಿಗೊಂದು ಮ್ಯಾನ್‌ಹೋಲ್. ಇಳಿಜಾರು ತಪ್ಪಿದರೆ ಹೂಳು ನಿಂತು ಮೊದಲ ಮಳೆಗೇ ಉಕ್ಕುತ್ತದೆ. ಶೌಚಾಲಯಗಳನ್ನು ಬೆನ್ನಿಗೆ ಬೆನ್ನು ಕೊಟ್ಟು ಕಟ್ಟಿದರೆ ಎರಡು ಸಾಲಿಗೆ ಒಂದೇ ಪೈಪು ಸಾಕು. ಪಾಯದ ಕಟ್ಟೆ ರಸ್ತೆಗಿಂತ ಒಂದೂವರೆ ಅಡಿಯಾದರೂ ಮೇಲಿರಲಿ. ಡಾಂಬರಿನ ಮೇಲೆ ಡಾಂಬರು ಬಿದ್ದು ಹತ್ತು ವರ್ಷದಲ್ಲಿ ಮನೆಯೇ ಹಳ್ಳವಾಗುವುದು ಯಾರಿಗೆ ಗೊತ್ತಿಲ್ಲ?

ಜಾಗವೆಲ್ಲಿದೆ ಎನ್ನುವವರಿಗೆ ಲೆಕ್ಕ ಇಲ್ಲಿದೆ. ಎಕರೆಗೆ 43,560 ಚದರಡಿ. ರಸ್ತೆ, ಪಾರ್ಕು ಕಳೆದು ಶೇ 55 ಉಳಿದರೂ 20x30 ಅಡಿಯ ಸುಮಾರು 40 ಸೈಟು ಸಿಗುತ್ತವೆ.

ಇನ್ನು ‘ಊರಾಚೆ ಎಸೆಯುತ್ತೀರಿ’ ಎಂಬ ಹಳೇ ರಾಗ. ಚೆನ್ನೈನ ಅರುಂಬಾಕ್ಕಂನಲ್ಲಿ ವಿಶ್ವಬ್ಯಾಂಕ್ ನೆರವಿನ ಇಂಥದೇ ನಿವೇಶನ ಯೋಜನೆ ಶುರುವಾದದ್ದು 1970ರ ದಶಕದಲ್ಲಿ. ಆಗ ಅದು ಊರಂಚು. ಈಗ ಅಲ್ಲಿ ಮೆಟ್ರೊ ನಿಲ್ದಾಣವಿದೆ. ಫ್ಲ್ಯಾಟೇ ಬೇಕೆನ್ನುವವರು ಐದನೇ ಮಹಡಿಯಲ್ಲಿ ಕುರಿ ಕಟ್ಟಿ, ತಳ್ಳುಗಾಡಿ ನಿಲ್ಲಿಸಿ ತೋರಿಸಲಿ.

ವಿರೋಧ: ತಾರಸಿಯನ್ನು ಕಂತಿನಲ್ಲಿ ಹಾಕಲಾಗದು

ಸೈಟೇ ಬೇಡವೆನ್ನಲು ಪೂರ್ತಿ ಮನಸ್ಸು ಒಪ್ಪುವುದಿಲ್ಲ. ಎಷ್ಟೋ ಸಂಸಾರಗಳಿಗೆ ಇರುವ ಒಂದೇ ಆಸ್ತಿ ಅದು. ಆದರೆ ‘ದುಡ್ಡು ಕೂಡಿದಂತೆ ಕಟ್ಟಿಕೊಳ್ಳುತ್ತಾರೆ’ ಎಂಬ ಮಾತು ಬಾಗಿಲು-ಕಿಟಕಿ ಮೇಲಿನ ಲಿಂಟಲ್‌ವರೆಗೆ ಮಾತ್ರ ನಿಜ. ಗೋಡೆಯನ್ನು ಈ ವರ್ಷ ನಾಲ್ಕಡಿ, ಬರುವ ವರ್ಷ ನಾಲ್ಕಡಿ ಏರಿಸಬಹುದು. ಮೋಲ್ಡ್ ಹಾಗಲ್ಲ. 400 ಚದರಡಿಗೆ 5 ಅಂಗುಲ ದಪ್ಪದ ತಾರಸಿ ಎಂದರೆ ಸುಮಾರು 167 ಘನಅಡಿ ಕಾಂಕ್ರೀಟು: 38 ಮೂಟೆಯಷ್ಟು ಸಿಮೆಂಟು, 350ರಿಂದ 400 ಕೆಜಿ ಕಬ್ಬಿಣ, ಸೆಂಟ್ರಿಂಗ್ ಬಾಡಿಗೆ, ಮಿಕ್ಸರ್, ಕೂಲಿ, ಎಲ್ಲವೂ ಒಂದೇ ದಿನಕ್ಕೆ ಒದಗಬೇಕು. ನಡುವೆ ನಿಲ್ಲಿಸಿದರೆ ಜಾಯಿಂಟಿನಲ್ಲಿ ಸೋರುತ್ತದೆ. ಅದಕ್ಕೇ ತಗಡಿನ ಶೀಟು ಬರುತ್ತದೆ, ಹದಿನೈದು ವರ್ಷವಾದರೂ ಕದಲುವುದಿಲ್ಲ. ಮೇಲೆ ಚಾಚಿದ ಕಂಬಿ ತುಕ್ಕು ಹಿಡಿಯುತ್ತದೆ.

ಸಹಾಯಧನ ಇದೆಯಲ್ಲ ಎನ್ನಬಹುದು. ನಮ್ಮ ಕರ್ನಾಟಕದಲ್ಲಿ ಅದು ಪಾಯ, ಲಿಂಟಲ್, ಛಾವಣಿ, ಮುಕ್ತಾಯ ಎಂದು ಹಂತಹಂತವಾಗಿ, ಫೋಟೊ ಏರಿಸಿದ ಮೇಲೆ ಬರುತ್ತದೆ. ಅಂದರೆ ಹಂತ ಮುಗಿಸುವ ಹಣ ಮೊದಲು ಫಲಾನುಭವಿಯೇ ಹೊಂದಿಸಬೇಕು, ಹಳೇ ಮನೆಯ ಬಾಡಿಗೆ ಕಟ್ಟುತ್ತಲೇ. ಮೀಟರ್ ಬಡ್ಡಿಯ ಸಾಲ ಹುಟ್ಟುವುದು ಈ ಸಂದಿನಲ್ಲಿ.

ಅದು ತೀರದಿದ್ದಾಗ ಸೈಟು ಕೈಬಿಡುತ್ತದೆ. ಪರಭಾರೆ ಮಾಡಬಾರದೆಂಬ ಷರತ್ತಿದ್ದರೂ ಜಿಪಿಎ (ಜನರಲ್ ಪವರ್ ಆಫ್ ಅಟಾರ್ನಿ) ಮೇಲೆ ವ್ಯವಹಾರ ನಡೆಯುತ್ತದೆ. ಜಿಪಿಎಯಿಂದ ಮಾಲೀಕತ್ವ ದಾಟುವುದಿಲ್ಲವೆಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಕೊಂಡವನ ಕೈಯಲ್ಲಿ ಗಟ್ಟಿ ಕಾಗದವಿಲ್ಲ, ಮಾರಿದವನ ಕೈಯಲ್ಲಿ ಸೈಟಿಲ್ಲ.

ಮೆಟ್ರೊ ಬಂತಂತೆ. ಅದು ಬರಲು ಸುಮಾರು ನಾಲ್ಕು ದಶಕ ಹಿಡಿಯಿತು. ಆವರೆಗೆ ಮನೆಗೆಲಸದವಳು ಎಷ್ಟು ಬಸ್ಸು ಬದಲಿಸಬೇಕಿತ್ತು ಎಂಬುದನ್ನು ಎದುರಿನವರು ಲೆಕ್ಕಕ್ಕೆ ಹಿಡಿದಿಲ್ಲ. ಕೆನ್ಯಾದ ನೈರೋಬಿಯ ದಂಡೋರಾ ಬಡಾವಣೆಯಲ್ಲೂ 1970ರ ದಶಕದಲ್ಲಿ ಇಂಥದೇ 6,000 ನಿವೇಶನ ಹಂಚಿದ್ದರು. ಹಲವರು ಕೋಣೆಗಳನ್ನು ಕಟ್ಟಿ ಬಾಡಿಗೆಗೆ ಬಿಟ್ಟರು. ಈಗ ಅಲ್ಲಿ ಎಷ್ಟೋ ಸೈಟಿನ ಮೇಲೆ ಬಹುಮಹಡಿ ವಠಾರಗಳು ನಿಂತಿವೆ. ಅಷ್ಟು ಜನ ಒಂದು ಸೈಟಿನಲ್ಲಿ ಸೇರಿದ ಮೇಲೆ, ನೂರಡಿಗೆ 7 ಅಂಗುಲದ ಇಳಿಜಾರು ಎಷ್ಟೇ ಕರಾರುವಾಕ್ಕಾಗಿರಲಿ, 6 ಅಂಗುಲದ ಪೈಪು ಉಕ್ಕದೆ ಇರುವುದಿಲ್ಲ.