ಒಂದೇ ಗಿಡ, ನೂರೆಂಟು ತಕರಾರು

ನಿಮಗೆ ಟೀ ಇಷ್ಟ ಅಂತ ಯಾರ ಮುಂದೆಯೂ ಬಾಯಿಬಿಡಬೇಡಿ. ನಾಳೆಯಿಂದಲೇ ಹೋದವರು ಬಂದವರೆಲ್ಲ ಒಂದೊಂದು ಡಬ್ಬ ತಂದುಕೊಡುತ್ತಾರೆ. ನಮ್ಮ ಅಡುಗೆಮನೆಯಲ್ಲಿ ಈಗ ಸಕ್ಕರೆ ಡಬ್ಬ ಇಡೋಕೂ ಜಾಗವಿಲ್ಲ.

ತಮಾಷೆ ಏನೆಂದರೆ, ಗ್ರೀನ್ ಟೀ, ಕಪ್ಪು ಟೀ, ವೈಟ್ ಟೀ, ಊಲಾಂಗ್ ಎಲ್ಲ ಕಮೆಲಿಯಾ ಸೈನೆನ್ಸಿಸ್ ಅನ್ನೋ ಒಂದೇ ಗಿಡದ ಎಲೆ. ಕಿತ್ತ ಎಲೆಗೆ ಬೇಗ ಬಿಸಿ ತೋರಿಸಿದರೆ ಹಸಿರಾಗೇ ಉಳಿಯುತ್ತದೆ. ಗಾಳಿಗೆ ಪೂರ್ತಿ ಬಿಟ್ಟರೆ ಕಪ್ಪು ಟೀ, ನಡುವೆ ತಡೆದರೆ ಊಲಾಂಗ್. ಒಂದೇ ತಾಯಿಯ ಮಕ್ಕಳು, ಆದರೆ ಒಬ್ಬರ ಗುಣ ಇನ್ನೊಬ್ಬರಿಗಿಲ್ಲ.

ಗ್ರೀನ್ ಟೀ ಮಹಾ ನಾಜೂಕು. 70–80 ಡಿಗ್ರಿ ಬಿಸಿ ಇರುವ ನೀರಲ್ಲಿ ಎರಡು ನಿಮಿಷ ನೆನೆದರೆ ಸಾಕು, ತಿಳಿಯಾಗಿ, ಹದವಾಗಿ ಇಳಿಯುತ್ತದೆ. ನಮ್ಮ ಅತ್ತೆಗೆ ಇದು ಒಪ್ಪಿಗೆಯಿಲ್ಲ. "ಕುದಿಸದೆ ಇದ್ರೆ ಅದೆಂಥ ಟೀ ಕಣೇ?" ಎಂದು ದೊಡ್ಡ ಉರಿಯಲ್ಲಿಟ್ಟು ಧಾರಾವಾಹಿ ನೋಡಲು ಹೋದರು. ಜಾಹೀರಾತು ಬರುವ ಹೊತ್ತಿಗೆ ಎಲೆಯ ಒಗರು, ಕಹಿ ಎಲ್ಲ ನೀರಿಗಿಳಿದಿತ್ತು. ಮಾವ ಒಂದು ಗುಟುಕು ಕುಡಿದು, ಮುಖ ಕಿವುಚಿ, "ಇದು ಊಟಕ್ಕೆ ಮುಂಚೆ ತಗೋಬೇಕಾ, ಆಮೇಲಾ?" ಎಂದು ಕೇಳಿದರು. ಚೆಲ್ಲೋಕೆ ಅತ್ತೆಗೆ ಮನಸ್ಸು ಬರಲಿಲ್ಲ. ಹಾಲು ಸುರಿದರು, ಸಕ್ಕರೆ ಹಾಕಿದರು. ಆಮೇಲೆ ಅದರ ಬಣ್ಣ ನೋಡಿ ಅವರೇ ಚೆಲ್ಲಿದರು.

ವೈಟ್ ಟೀ ಕಥೆ ಇದರ ಉಲ್ಟಾ. ಎಳೆ ಮೊಗ್ಗಿನ ಟೀ, ರುಚಿ ಅಷ್ಟು ಮೆಲು. ಪ್ರೀತಿಯಿಂದ ಮಾಡಿಕೊಟ್ಟರೆ, "ಪುಡಿ ಹಾಕೋದು ಮರೆತ್ಯಾ?" ಅನ್ನುತ್ತಾರೆ ಯಜಮಾನರು.

ಅತ್ತೆ ಮೆಚ್ಚಿದ್ದು ಊಲಾಂಗ್ ಒಂದನ್ನೇ. ರುಚಿಗಲ್ಲ, ಅದೇ ಎಲೆಗೆ ಮೂರ್ನಾಲ್ಕು ಸಲ ಬಿಸಿನೀರು ಹಾಕಬಹುದಲ್ಲ, ಅದಕ್ಕೆ! ನನಗೂ ಅದೇ ಇಷ್ಟ. ಉಂಡೆಯಾಗಿದ್ದ ಎಲೆ ನೀರಲ್ಲಿ ನಿಧಾನಕ್ಕೆ ಬಿಚ್ಚಿಕೊಳ್ಳುವುದನ್ನು ಸುಮ್ನೆ ನೋಡುತ್ತಾ ಕೂರಬಹುದು. ಎರಡನೇ ಸಲಕ್ಕೆ ಬರುವ ಪರಿಮಳ ಮೊದಲನೆಯದಕ್ಕಿಂತ ಚೆನ್ನ.

ಶಂಖಪುಷ್ಪದ ಟೀಯಲ್ಲಿ ಟೀ ಎಲೆಯೇ ಇಲ್ಲ, ಬರೀ ಹೂವು. ನೀಲಿ ಬಣ್ಣ. ಭಾವ ಅದಕ್ಕೆ ನಿಂಬೆರಸ ಹಿಂಡಿದರು. ಹುಳಿ ಬಿದ್ದದ್ದೇ ತಡ, ಕಪ್ ನೇರಳೆಗೆ ತಿರುಗಿತು. ಭಾವ ಕಪ್ ಕೆಳಗಿಟ್ಟು, "ನೀನು ಮೊದಲು ಕುಡಿ" ಎಂದರು.

ಚೀನಾದ ಲಾಪ್ಸಾಂಗ್ ಸೂಚಾಂಗ್ ತಂದ ಫಜೀತಿ ಇನ್ನೂ ಜೋರು. ಅದರ ಎಲೆಯನ್ನು ಪೈನ್ ಕಟ್ಟಿಗೆಯ ಹೊಗೆಯಲ್ಲಿ ಒಣಗಿಸುತ್ತಾರೆ. ಡಬ್ಬದ ಮುಚ್ಚಳ ತೆಗೆದರೇ ಸಾಕು, ಘಮ್ಮೆನ್ನುವ ಹೊಗೆ. ನನಗೆ ಬಹಳ ಹಿಡಿಸಿತು. ಪಕ್ಕದ ಮನೆಯವರು ಮಾತ್ರ ಬೆಲ್ ಒತ್ತಿ, "ಒಲೆ ಮೇಲೆ ಏನೋ ಸೀದಿದೆ ನೋಡಿ" ಎಂದರು. ಟೀ ವಾಸನೆ ಎಂದೆ. ನಂಬಲಿಲ್ಲ. ಒಳಗೆ ಬಂದು, ಒಲೆ ನೋಡಿ, ಸ್ವಿಚ್ ಬೋರ್ಡುಗಳನ್ನೂ ಮೂಸಿ ಹೋದರು.

ಇನ್ನು ಪು-ಅರ್. ಚೀನಾದ ಯುನ್ನಾನ್ ಪ್ರಾಂತ್ಯದ ಟೀ, ಒತ್ತಿ ಬಿಲ್ಲೆ ಮಾಡಿರುತ್ತಾರೆ. ಚೆನ್ನಾಗಿಟ್ಟರೆ ಹಳೆಯದಾದಷ್ಟೂ ಬೆಲೆ ಜಾಸ್ತಿ. ಗೆಳತಿಯೊಬ್ಬಳು ಆಸೆಪಟ್ಟು ತಂದುಕೊಟ್ಟಿದ್ದಳು. ನಮ್ಮ ಮಾವನಿಗೋ, ಎಲ್ಲದರ ಮೇಲೂ ತಾರೀಕು ಓದುವ ಅಭ್ಯಾಸ. ಪೊಟ್ಟಣದ ಮೇಲೆ 2014 ಅಂತ ಇತ್ತು. ನನಗೊಂದು ಮಾತು ಹೇಳದೆ ವಿಲೇವಾರಿ ಮಾಡಿಬಿಟ್ಟರು.

ಮೊನ್ನೆ ಗೆಳತಿ ಮನೆಗೆ ಬಂದವಳು ಕೇಳಿದಳು, "ಆ ಪು-ಅರ್ ಹೇಗಿತ್ತೇ?"

ನಾನು ಬಾಯಿ ತೆರೆಯುವ ಮೊದಲೇ ಮಾವ ಖುಷಿಯಿಂದ ಹೇಳಿದರು: "ತುಂಬಾ ಚೆನ್ನಾಗಿದೆಯಮ್ಮ. ಗುಲಾಬಿ ಗಿಡ ಎಷ್ಟು ಮೊಗ್ಗು ಬಿಟ್ಟಿದೆ ನೋಡು ಬಾ!"